ಕಚ್ಚಿಕೊಂಡ ಎಂಜಿನ್ನು, ಬಿಟ್ಟುಕೊಡದ ಬಿ.ಎ.

“ಆ ಕಂಪನಿಯವರಿಂದ ಹೊಸ ಎಂಜಿನ್ನು ಕಕ್ಕಿಸದಿದ್ದರೆ ನನ್ನ ಬಿ.ಎ. ಸರ್ಟಿಫಿಕೇಟನ್ನು ಒಲೆಗೆ ಹಾಕು!” ಎಂದು ಸದಾಶಿವಪ್ಪ ಘೋಷಿಸಿದಾಗ ಹೆಂಡತಿ ಶಿವರತ್ನಮ್ಮ ಮುದ್ದೆ ತಿರುವುತ್ತಿದ್ದಳು.

“ಈಗ್ಲೇ ಕೊಡಿ. ಸೌದೆ ಹಸಿ, ಉರೀತಾನೇ ಇಲ್ಲ” ಎಂದಳು ಆಕೆ, ತಲೆಯೆತ್ತದೆ.

ಬಂಡಳ್ಳಿಯ ಬೇಸಾಯದ ಮನೆಯಿಂದ ಬಿ.ಎ. ದಡ ಮುಟ್ಟಿದ ಮೊದಲಿಗ ಸದಾಶಿವಪ್ಪ. ಕೊಳ್ಳೇಗಾಲದ ರೇಷ್ಮೆ ನೇಕಾರರ ಸಂಘದಲ್ಲಿ ಸೂಪರ್‌ವೈಸರ್ ಕೆಲಸ; ಅಲ್ಲಿನ ನೇಕಾರರ ಬೀದಿಯಲ್ಲೇ ಮನೆ. ಹನೂರಿನ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಬೇಕು. ಆದ್ದರಿಂದ ಮೋಟಾರ್ ಸೈಕಲ್ ಇದ್ದವರಿಗೇ ಆ ಹುದ್ದೆ. ಕೊಂಡ ಹೊಸ ಗಾಡಿಯೋ, ಹನೂರು ರಸ್ತೆಯ ಏರಿನಲ್ಲಿ ‘ಕರ್ರ್’ ಎಂದು ನಿಂತದ್ದು ಮತ್ತೆ ಉಸಿರೆತ್ತಲಿಲ್ಲ! ಎತ್ತಿನ ಗಾಡಿಯ ಮೇಲೆ ಮದುವಣಗಿತ್ತಿಯಂತೆ ಮನೆಗೆ ಬಂತು. ತಿಂಗಳ ಕೊನೆಯೊಳಗೆ ಅದು ಓಡದಿದ್ದರೆ ಹುದ್ದೆ ಬೇರೆಯವರಿಗೆ ಎಂದು ಸಂಘದ ಅಧ್ಯಕ್ಷರು ಹೇಳಿಯೂ ಆಗಿತ್ತು.

ಗ್ಯಾರಂಟಿಯೇನೋ ಇತ್ತು. ಆದರೆ ಮೈಸೂರಿನ ಏಜೆಂಟರು, “ಹೊಸ ಎಂಜಿನ್ನು ಹೀಗೆ ಕಚ್ಚಿಕೊಂಡು ನಿಂತುಬಿಡುವುದು ತಪ್ಪು ಎಣ್ಣೆ ಹಾಕಿದರೆ ಮಾತ್ರ. ಗ್ಯಾರಂಟಿ ಸಲ್ಲದು” ಎಂದು ಬರೆದರು. ಸದಾಶಿವಪ್ಪ ಕೆರಳಿದ. ಕೊಳ್ಳೇಗಾಲ ಇನ್ನೂ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲ ಅದು. ತಾನು ಮದರಾಸು ಸರಹದ್ದಿನವನೆಂದು ಈ ಮೈಸೂರಿನವರಿಗೆ ಅಸಡ್ಡೆಯೇ? ಕಾಲೇಜಿನಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಕತ್ತಿಯಂತೆ ಮಸೆದು ಕಾಗದದ ಮೇಲೆ ಕಾಗದ ಬರೆದ. ಕಂಪನಿಯ ಎಣ್ಣೆಯ ಹೊರತು ಒಂದು ತೊಟ್ಟೂ ಒಳಗೆ ಹೋಗಿಲ್ಲವೆಂದು ಮಲೆ ಮಾದಪ್ಪನ ಆಣೆ ಇಟ್ಟ, ಅದೂ ಇಂಗ್ಲಿಷಿನಲ್ಲೇ!

ಆಣೆಯ ಬಿಸಿಗೋ ಏನೋ, ಏಜೆಂಟರ ಎಂಜಿನಿಯರ್ ಗುರುಮಲ್ಲಪ್ಪನವರು ಯಳಂದೂರಿನ ಮೇಲೆ ಬರುವ ಬಸ್ಸಿನಲ್ಲಿ ಖುದ್ದಾಗಿ ಬಂದಿಳಿದರು. ತಲೆಗೆ ಹ್ಯಾಟು, ಕೈಯಲ್ಲಿ ಪೆಟ್ಟಿಗೆ, ಮುಖದಲ್ಲಿ ಗಂಟು. ಅಂಗಳದಲ್ಲಿ ಗಾಡಿಯ ಹೊಟ್ಟೆ ಬಿಚ್ಚಿ, ಒಳಗೆ ಬೆರಳಾಡಿಸಿ ಮೂಸಿದರು. ಮತ್ತೊಮ್ಮೆ ಮೂಸಿದರು.

“ಸದಾಶಿವಪ್ಪನವರೇ, ಇದಕ್ಕೆ ಒಗ್ಗರಣೆ ಹಾಕಿದ್ದು ಯಾರು?”

“ತಮಾಷೆ ಬೇಡಿ ಸಾರ್! ನ್ಯಾಯ ಹೇಳಿ!”

“ನ್ಯಾಯ ಆಮೇಲೆ. ಮೊದಲು ಮೂಸಿ.”

ಸದಾಶಿವಪ್ಪ ಮೂಸಿದ. ಹರಳೆಣ್ಣೆ, ಓಮ, ಮೆಣಸು! ಕಪ್ಪಗೆ ಕಾದು ಪಾಕವಾದ ಬೆಲ್ಲ!

ಅಷ್ಟರಲ್ಲಿ ಅವನ ತಾಯಿ ದೊಡ್ಡಬಸಮ್ಮ ಬಾಗಿಲಿಗೆ ಬಂದರು. “ನಾನೇ ಕಣಪ್ಪ ಗೊಟ್ಟ ಹಾಕ್ದೋಳು. ಎರಡು ದಿನದಿಂದ ಗೊರ ಗೊರ ಅಂತಿತ್ತು. ಪೆಟ್ರೋಲೂ ಇಳೀತಿಲ್ಲ ಅಂತ ಇವ್ನೇ ಗೊಣಗ್ತಿದ್ದ. ಎತ್ತು ಮೇವು ಬಿಟ್ರೆ ಸುಮ್ನೆ ಕೂರಕಾಯ್ತದಾ? ಔಷ್ದಿ ಅರ್ದು, ಎತ್ಗೆ ಕುಡ್ಸೋ ಬಿದಿರು ಗೊಟ್ಟದಾಗೆ ತಕಂಡು, ಇವ್ನು ಎಣ್ಣೆ ಉಯ್ಯೋ ಬಾಯ್ಗೇ ಉಯ್ದೆ. ಪಾಪ, ಒಂದು ತೊಟ್ಟೂ ಉಗುಳ್ನಿಲ್ಲ. ಎತ್ತಿಗಿಂತ ಸಾಧು!”

ಶಿವರತ್ನಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೋಡಿದಳು.

“ನನಗ್ಯಾಕವ್ವ ಹೇಳಲಿಲ್ಲ?” ಎಂದ ಸದಾಶಿವಪ್ಪ, ಅಳುವ ದನಿಯಲ್ಲಿ.

“ನೀನು ಕಾಗ್ದ ಬರೀತಿದ್ಯಲ್ಲ ಮಗಾ. ಓದೋನ್ನ, ಬರಿಯೋನ್ನ ಮಾತಾಡಿಸ್ಬಾರ್ದು ಅಂತ ನೀನ್ ಸಣ್ಣೋನಾಗಿದ್ದಾಗ್ನಿಂದ್ಲೂ ನಡಕಂಡ್ ಬಂದಿವ್ನಿ.”

ಸದಾಶಿವಪ್ಪ ಓದುತ್ತಿದ್ದಾಗ ಬೀಸುವ ಕಲ್ಲನ್ನೂ ಹಿತ್ತಿಲಿಗೆ ಒಯ್ದು ಬೀಸುತ್ತಿದ್ದ ತಾಯಿ ಆಕೆ. ಅವನು ಗುರುಮಲ್ಲಪ್ಪನವರತ್ತ ತಿರುಗಿ ಕೈಮುಗಿದ. “ಗ್ಯಾರಂಟಿ ಬೇಡ ಸಾರ್. ನಿಮ್ಮನ್ನೆಲ್ಲ ಸುಳ್ಳುಗಾರರು ಅಂತ ಬರೆದಿದ್ದಕ್ಕೆ ಕ್ಷಮಿಸಿ. ಕೆಲಸ ಹೋದರೆ ಹೋಗಲಿ.”

ಗುರುಮಲ್ಲಪ್ಪನವರು ಹ್ಯಾಟು ತೆಗೆದು ಜಗಲಿಯ ಮೇಲಿಟ್ಟರು. ಅದುಮಿ ಹಿಡಿದಿದ್ದ ನಗು ಆಗ ಸಿಡಿಯಿತು! ಕಣ್ಣೊರೆಸಿಕೊಂಡು, “ನಮ್ಮಮ್ಮನೂ ಹೀಗೇ. ನಾನು ಪರೀಕ್ಷೆಗೆ ಹೊರಟರೆ ಪೆನ್ನಿಗೆ ಇಂಕಿನ ಜೊತೆ ತೀರ್ಥ ತುಂಬಿಸೋಳು. ಗ್ಯಾರಂಟಿ ಖಂಡಿತ ಸಲ್ಲದು ಸ್ವಾಮಿ. ಆದರೆ ಎಂಜಿನ್ನು ಸತ್ತಿಲ್ಲ, ಪಾಕ ಹಿಡಿದಿದೆ ಅಷ್ಟೆ. ಒಂದು ಡಬ್ಬ ಸೀಮೆಎಣ್ಣೆ ತನ್ನಿ” ಎಂದರು.

ಕೋಟು ಬಿಚ್ಚಿ ಕೂತವರು ಸಂಜೆಯವರೆಗೂ ಏಳಲಿಲ್ಲ. ಪಿಸ್ಟನ್ನನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಕೆರೆದು, ಉಜ್ಜಿ, ಪೆಟ್ಟಿಗೆಯಿಂದ ಹೊಸ ರಿಂಗ್ ತೆಗೆದು ಹಾಕಿದರು. ಕೂಲಿ ಎಷ್ಟೆಂದು ಕೇಳಿದರೆ, “ಮುದ್ದೆ, ಅವರೆಕಾಳು ಸಾರು. ಒಗ್ಗರಣೆ ಮಾತ್ರ ಸಾರಿಗೇ ಹಾಕಿಸಿ” ಎಂದರು. ಸದಾಶಿವಪ್ಪನಿಗೆ ಅವರ ಮಸಿ ಹಿಡಿದ ಕೈಗಳನ್ನು ಕಣ್ಣಿಗೊತ್ತಿಕೊಳ್ಳಬೇಕೆನಿಸಿತು.

ಕಡೆಗೆ ಒಂದು ಒದೆ. ಎರಡನೆಯ ಒದೆಗೆ ‘ಡಬ ಡಬ ಡಬ’ ಎಂದು ಬೀದಿಯ ಮಗ್ಗಗಳ ಸದ್ದನ್ನೆಲ್ಲ ಮುಚ್ಚಿ ಗಾಡಿ ಗುಡುಗಿತು! ನೇಕಾರರು ಹೊರಗೆ ಓಡಿ ಬಂದರು. ಎಂಜಿನಿಯರ್ ಸಾಹೇಬರನ್ನು ಎಲ್ಲರೆದುರು ಹಾಡಿ ಹೊಗಳಬೇಕೆಂದು ಸದಾಶಿವಪ್ಪ ಬಾಯಿ ತೆರೆದ.

ದೊಡ್ಡಬಸಮ್ಮನ ದನಿ ಅದಕ್ಕಿಂತ ಮುಂಚೆಯೇ ಬೀದಿಯ ಕೊನೆ ಮುಟ್ಟಿತ್ತು:

“ನೋಡುದ್ರಾ! ಕಬ್ಬಿಣದ ಮೈ ಅಲ್ವಾ, ಒಸಿ ತಡ ಆಯ್ತು. ನನ್ ಔಷ್ದಿ ಹಿಡೀತು ಕಣ್ರಪ್ಪ!”

ಗುರುಮಲ್ಲಪ್ಪನವರು ಎರಡೂ ಕೈ ಜೋಡಿಸಿ, “ಹೌದು ತಾಯಿ” ಎಂದುಬಿಟ್ಟರು.