ಬರಫಿನ ಕೋಣೆಗೆ ಮೂರು ಅಳತೆ

ಇವೆಲ್ಲ ನಡೆದದ್ದು ೧೯೭೮ರ ಬೇಸಿಗೆಯಲ್ಲಿ, ಮೂರು ತಿಂಗಳ ಒಳಗೆ. ಒಂದೇ ವಸ್ತುವನ್ನು ಮೂರು ಥರ ಅಳೆಯುವ ಕಡೆ ಇಂಥವು ನಡೆಯುತ್ತಲೇ ಇರುತ್ತವೆ.

ನಾನು ಬಿ.ಎಸ್ಸಿ. ಮುಗಿಸಿ ರಾಯಚೂರಿನಲ್ಲಿ ಮಂಜುಗಡ್ಡೆ ಮಾಡುವ ಒಂದು ಬರಫ್ ಕಾರ್ಖಾನೆಗೆ ಸೇರಿದ್ದೆ. ಮಾಲೀಕರನ್ನು ಎಲ್ಲರೂ ಸಾವ್ಕಾರರು ಎನ್ನುತ್ತಿದ್ದರು. ದೇವದುರ್ಗದಲ್ಲಿ ಬರಫ್ ಕೂಡಿಡಲು ಅವರೊಂದು ಕೋಣೆ ಹಿಡಿದಿದ್ದರು. ಹೊರಗಿನ ಕಾವು ಒಳಗೆ ಬರದಂತೆ ಅದರ ಗೋಡೆಗೆ ಏನು ತುಂಬಬೇಕು, ಎಷ್ಟು ದಪ್ಪ ತುಂಬಬೇಕು ಎಂದು ಲೆಕ್ಕ ಹಾಕುವುದು ನನ್ನ ಕೆಲಸ.

“ಕ್ವಾಣಿ ಸರಿ ಬಂದ್ರ ನೌಕರಿ ಖಾಯಂ. ಇಲ್ಲಂದ್ರ ಮಾನ್ವಿ ಬಸ್ಸು ಹತ್ತು,” ಎಂದಿದ್ದರು ಸಾವ್ಕಾರರು.

ನನ್ನ ಊರು ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್. ಕೂಲಿ ಮಾಡುವ ಮನೆ. ಓದಿದವನು ನಾನೊಬ್ಬನೇ. ಆ ಬಸ್ಸು ಹತ್ತುವುದು ನನಗೆ ಬೇಕಿರಲಿಲ್ಲ.

೧. ಹತ್ತು ಪಟ್ಟು

ಒಂದು ವಸ್ತು ಕಾವನ್ನು ಎಷ್ಟು ಬೇಗ ಒಳಗೆ ಬಿಡುತ್ತದೆ ಎನ್ನುವುದಕ್ಕೆ ಉಷ್ಣವಾಹಕತೆ ಎಂದು ಹೆಸರು. ಅಂಕಿ ಸಣ್ಣದಾದಷ್ಟೂ ಗೋಡೆಗೆ ಒಳ್ಳೆಯದು.

ಸಾವ್ಕಾರರ ಹತ್ತಿರ ಕಾರ್ಕಿನ ಒಂದು ಹಳೆಯ ಇಂಗ್ಲಿಷ್ ಕ್ಯಾಟಲಾಗು ಇತ್ತು. ಅದರಲ್ಲಿ ೦.೩೦. ಸಿಕಂದರಾಬಾದಿನಿಂದ ಬಂದ ಏಜೆಂಟನ ಥರ್ಮೋಕೋಲ್ ೦.೦೩.

“ನೋಡ್ರಿ ಸಾವ್ಕಾರ್ರ, ಕಾರ್ಕಿಗಿಂತ ಹತ್ತು ಪಟ್ಟು ಚಲೋ,” ಎಂದ ಏಜೆಂಟ.

ಸಾವ್ಕಾರರು ನನ್ನ ಕಡೆ ನೋಡಿದರು. ಕ್ಯಾಟಲಾಗಿನ ಅಳತೆ ಇಂಚು ಮತ್ತು ಫ್ಯಾರನ್‌ಹೀಟಿನದು, ಏಜೆಂಟನದು ಮೀಟರು ಮತ್ತು ಸೆಂಟಿಗ್ರೇಡಿನದು. ಕ್ಯಾಟಲಾಗಿನ ಅಳತೆಗೆ ತರಲು ನಾನು ಏಜೆಂಟನ ಅಂಕಿಯನ್ನು ಎಂಟರಿಂದ ಗುಣಿಸಿದೆ. ೦.೨೪ ಬಂತು.

“ಹತ್ತು ಪಟ್ಟಲ್ರೀ. ಒಂದೂಕಾಲು ಪಟ್ಟು.”

ಏಜೆಂಟ ಸಿಟ್ಟಾಗಲಿಲ್ಲ. ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡ.

“ಸಾರ್, ಹತ್ತು ಪಟ್ಟು ಬರೋ ಅಳತಿ ಯಾವ್ದರ ಇದ್ರ ಬರದು ಕೊಡ್ರಿ. ನಾಳಿ ಗುಲ್ಬರ್ಗಾಕ್ಕ ಹೋಗೋದದ.”

೨. ಸೊನ್ನೆಗಳು

ಆ ವಾರವೇ ಸಾವ್ಕಾರರು ನನ್ನ ಕಾಲೇಜು ಪುಸ್ತಕ ತೆರೆದು ಕೂತರು. ಭತ್ತದ ಹೊಟ್ಟಿನ ಮುಂದೆ ೦.೦೦೦೧೪ ಎಂದಿತ್ತು.

“ಕಾರ್ಕ್ ಸೊನ್ನಿ ಪಾಯಿಂಟ್ ಮೂರು, ಹೊಟ್ಟು ಇಷ್ಟು! ಎರಡು ಸಾವಿರ ಪಟ್ಟು ಚಲೋ ಅದ. ಮಾನ್ವಿ ಮಿಲ್ಲಿನಾಗ ಇದನ್ನ ಬಾಗಲ ಮುಂದ ಸುಡ್ತಾರಲ್ಲೋ!”

ನಾನು ಪೆನ್ಸಿಲ್ ಹುಡುಕುವಷ್ಟರಲ್ಲಿ ಮಾನ್ವಿಗೆ ಲಾರಿ ಹೊರಟಿತ್ತು. ಸಂಜೆ ತಿರುಗಿ ಬಂದಾಗ ಹೊಟ್ಟು ಕ್ಯಾಬಿನ್ನಿಗಿಂತ ಎತ್ತರವಿತ್ತು.

ಪುಸ್ತಕದ ಅಳತೆ ಸೆಂಟಿಮೀಟರು ಮತ್ತು ಸೆಕೆಂಡಿನದು. ಕ್ಯಾಟಲಾಗಿನ ಅಳತೆಗೆ ತಂದರೆ ೦.೪೦. ಕಾರ್ಕಿಗಿಂತ ಸ್ವಲ್ಪ ಕೆಟ್ಟದ್ದೇ. ದಪ್ಪ ಹೆಚ್ಚಿಸಿದರೆ ನಡೆಯುತ್ತದೆ ಎಂದೆ.

ಸಾವ್ಕಾರರು ನಾನು ಲೆಕ್ಕ ಬರೆದ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಬೆಳಿಗ್ಗಿ ಇದರಾಗ ಅಷ್ಟು ಸೊನ್ನಿ ಇದ್ವಲ್ಲೋ. ಎಲ್ಲಿ ಇಟ್ಟಿ?”

೩. ಯವ್ವನ ಉಪಾಯ

ಭಾನುವಾರ ಊರಿಗೆ ಹೋದೆ. ಕೆಲಸ ಏನು ಎಂದು ಯವ್ವ ಕೇಳಿದಳು. ಕಾವು ಒಳಗೆ ಬರದಂತೆ ಲೆಕ್ಕ ಹಾಕುವುದು ಎಂದೆ.

“ಎಷ್ಟು ದಿನದಿಂದ ಹಾಕಾಕತ್ತೀಯಪಾ?”

“ಎರಡು ತಿಂಗಳು.”

ಯವ್ವ ಮರುಕದಿಂದ ನೋಡಿದಳು.

“ಕದ ಮುಚ್ಚಿ ನೋಡೀರೇನು?”

೪. ಒಂಬತ್ತು

ಕಡೆಗೆ ಭತ್ತದ ಹೊಟ್ಟನ್ನೇ ತುಂಬುವುದೆಂದು ತೀರ್ಮಾನವಾಯಿತು. ಕೋಣೆಯ ಗೋಡೆಗಳ ಒಳಗೆ ಇನ್ನೊಂದು ಸುತ್ತು ಗೋಡೆ ಕಟ್ಟುವುದು, ನಡುವಿನ ಸಂದಿನಲ್ಲಿ ಹೊಟ್ಟು ತುಂಬುವುದು. ಸಂದು ಎಷ್ಟಿರಬೇಕು ಎಂದು ಲೆಕ್ಕ ಹಾಕಿ, ಒಂದು ಚೀಟಿ ಬರೆದು, ದೇವದುರ್ಗದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಅಲ್ಲಿನ ಗೌಂಡಿಗೆ ಕಳಿಸಿದೆ. ಗೌಂಡಿ ವಯಸ್ಸಾದವನು, ಆ ಊರಿನ ಅರ್ಧ ಗೋಡೆಗಳು ಅವನ ಕೈಯವು.

ಪ್ರತಿ ಲೆಕ್ಕವನ್ನು ಎರಡು ಸಲ ಮಾಡುವುದು ನನ್ನ ಪದ್ಧತಿ. ಆ ಸಲ ಎರಡನೆಯದನ್ನು ಮಾಡಿದ್ದು ನಾಲ್ಕು ದಿನ ತಡವಾಗಿ, ಗೋಡೆ ನೋಡಲು ಹೊರಟ ಸಾವ್ಕಾರರ ಜೀಪಿನಲ್ಲಿ, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು.

ಹೊಟ್ಟಿನ ೦.೪೦ ಕ್ಯಾಟಲಾಗಿನ ಅಳತೆಯದು, ಅಂದರೆ ಒಂದು ಇಂಚು ದಪ್ಪಕ್ಕೆ. ನಾನು ಒಂದು ಅಡಿಗೆ ಎಂದು ಹಿಡಿದಿದ್ದೆ. ಉತ್ತರ ಹನ್ನೆರಡು ಪಟ್ಟು ಹೆಚ್ಚಾಗಿತ್ತು. ಚೀಟಿಯಲ್ಲಿ ಬರೆದದ್ದು ಒಂಬತ್ತು ಅಡಿ.

ಕೋಣೆಯ ಅಗಲವೇ ಹತ್ತು ಅಡಿ.

“ಯಾಕಪಾ, ಇಷ್ಟು ಬೆವರಾಕತ್ತಿ?” ಎಂದರು ಸಾವ್ಕಾರರು.

“ಬಿಸಲರೀ.”

ದೇವದುರ್ಗದಲ್ಲಿ ಸಾವ್ಕಾರರು ಜೀಪಿನ ಹತ್ತಿರ ಯಾರೊಡನೆಯೋ ಮಾತಿಗೆ ನಿಂತರು. ನಾನು ಒಳಗೆ ಓಡಿದೆ. ಒಳಗೋಡೆ ಎದೆಯೆತ್ತರಕ್ಕೆ ಬಂದಿತ್ತು. ಸಂದು ಒಂದು ಗೇಣು. ಗೌಂಡಿ ಮಣ್ಣಿನ ಕೈಯಲ್ಲೇ ಎದ್ದ.

“ಒಂಬತ್ತು ಫೂಟು ಅಂತ ಬರದಿದ್ರಿ. ಈ ಕಡಿ ಒಂಬತ್ತು, ಆ ಕಡಿ ಒಂಬತ್ತು ಬಿಟ್ರ ಬರಫ್ ಬಾಜೂ ಮನ್ಯಾಗ ಇಡ್ಬೇಕಾಕ್ಕಿತ್ತು,” ಎಂದ, ದನಿ ತಗ್ಗಿಸಿ. “ಕಾಲೇಜು ಕಲ್ತವ್ರು, ಒಂಬತ್ತು ತಪ್ಪಿರಾಂಗಿಲ್ಲ, ಫೂಟು ತಪ್ಪಿರಬೇಕು ಅಂದ್ಕೊಂಡೆ. ಇಂಚು ಹಿಡದೆ.”

ನಾನು ಬಿಟ್ಟುಬಿಟ್ಟಿದ್ದ ಹನ್ನೆರಡರ ಭಾಗಾಕಾರವನ್ನು ಅವನು ಪೆನ್ಸಿಲ್ ಇಲ್ಲದೆ ಮಾಡಿದ್ದ.

ಅಷ್ಟರಲ್ಲಿ ಸಾವ್ಕಾರರು ಒಳಗೆ ಬಂದರು.

“ಚೀಟಿ ಎಲ್ಲದಲೇ? ಏನು ಬರದಾನ ನೋಡ್ತೀನಿ.”

ಗೌಂಡಿ ರುಮಾಲಿನ ಮಡಿಕೆಯಿಂದ ಚೀಟಿ ತೆಗೆದ. ಕೈಗೆ ಕೊಡಲಿಲ್ಲ. ತಾನೇ ಎತ್ತಿ ಹಿಡಿದ. ಅವನ ಹೆಬ್ಬೆರಳು ಅಂಕಿಯ ಪಕ್ಕದ ಶಬ್ದದ ಮೇಲಿತ್ತು, ಹಸಿ ಮಣ್ಣಿನ ಸಮೇತ.

“ಒಂಬತ್ತು,” ಎಂದು ಓದಿದರು ಸಾವ್ಕಾರರು. “ಹೆಬ್ಬಟ್ಟು ತಗೀಲೇ, ಮುಂದ ಏನದ?”

“ಕೈಯೆಲ್ಲ ರಾಡಿ ಅದ್ರಿ ಯಪ್ಪಾ. ತಗದ್ರ ಒಂಬತ್ತೂ ಅಳಿಸಿ ಹೋಗ್ತದ.”

ಸಾವ್ಕಾರರು ನನ್ನ ಕೈಗೆ ಟೇಪು ಕೊಟ್ಟರು.

“ಅಳಿ ಹಂಗಾರ. ಒಂಬತ್ತು ಬಂದ್ರ ನಾಳಿಯಿಂದ ನೀ ಖಾಯಂ.”

ಪದ್ಧತಿಯಂತೆ ನಾಲ್ಕೂ ಕಡೆ ಎರಡೆರಡು ಸಲ ಅಳೆದೆ. ಎಂಟು ಸಲವೂ ಒಂಬತ್ತು.