ಬಾಯಮ್ಮ ಹಾಕಿದ ಗಂಟು

ಆ ಮಗು ಸತ್ತದ್ದು ಗಂಟಿನಿಂದ ಅಲ್ಲ. ಅದು ಹೊಟ್ಟೆಯೊಳಗೇ ಹೋಗಿತ್ತು. ತಾಯಿ ಉಳಿದದ್ದು ಮಾತ್ರ ಗಂಟಿನಿಂದ. ನಡೆದದ್ದು ಇಷ್ಟೇ.

ಇದನ್ನು ಮೊದಲೇ ಹೇಳಿಬಿಡುವುದು ಯಾಕೆಂದರೆ, ಮೊನ್ನೆ ಕಾಪುವಿನಲ್ಲಿ ಒಂದು ಸೀಮಂತದ ಊಟಕ್ಕೆ ಕೂತಿದ್ದಾಗ ಪಕ್ಕದ ಎಲೆಯ ಹೆಂಗಸು ಪಾಯಸ ಸುರಿದು ಕುಡಿಯುತ್ತಾ ಕಥೆ ಶುರು ಮಾಡಿದಳು. "ಮಣಿಪಾಲದ ಕೋರೆಯ ಹತ್ತಿರ ಒಬ್ಬಳು ಸೂಲಗಿತ್ತಿ ಇದ್ದಳಂತೆ. ಗಂಟು ಹಾಕಿ ಮಗುವನ್ನು ಕೊಂದಳಂತೆ!" ಅದು ನಡೆಯುವಾಗ ಇವಳಿಗೆ ಹಲ್ಲೇ ಬಂದಿರಲಿಲ್ಲ. ಅದೂ ಬಸುರಿಯನ್ನು ಎದುರು ಕೂರಿಸಿಕೊಂಡು ಹೇಳುವ ಕಥೆಯಾ? "ಪಾಯಸ ಕುಡಿ ಮಾರಾಯ್ತಿ, ಸುಳ್ಳು ಬೇಡ" ಎಂದೆ. ಊಟ ಮುಗಿಯುವವರೆಗೆ ನನ್ನ ಕಡೆ ನೋಡಲಿಲ್ಲ. ಒಳ್ಳೆಯದೇ ಆಯಿತು.

ಹಾಗಂತ ಆ ಸೂಲಗಿತ್ತಿಗೆ, ನಮ್ಮ ಬಾಯಮ್ಮನಿಗೆ, ತಲೆ ಸಮ ಇತ್ತೆಂದು ನಾನು ಹೇಳುತ್ತಿದ್ದೇನೆ ಎಂದು ತಿಳಿಯಬೇಡಿ. ಸಮ ಇರಲಿಲ್ಲ.

ಗುಡ್ಡೆಯಿಂದ ಉಡುಪಿಯ ಕಡೆಗೆ ಇಳಿಯುವಲ್ಲಿ, ಕೆಂಪುಕಲ್ಲಿನ ಕೋರೆಯ ಅಂಚಿಗೆ ಅಂಟಿಕೊಂಡು ನಮ್ಮ ಲೈನ್ ಮನೆಗಳು ಇದ್ದವು. ಎಲ್ಲರಿಗೂ ಒಂದೇ ಹಂಚಿನ ಮಾಡು, ಮನೆಗೂ ಮನೆಗೂ ನಡುವೆ ಒಂದೇ ಗೋಡೆ. ಈ ಕೊನೆಯಲ್ಲಿ ಬಂಗುಡೆ ಹುರಿದರೆ ಆ ಕೊನೆಯವರು ಅದೇ ಪರಿಮಳದಲ್ಲಿ ಗಂಜಿ ಕುಡಿದು ಮುಗಿಸಬಹುದಿತ್ತು. ಗಂಡಸರಿಗೆ ಕಲ್ಲು ಕಡಿಯುವ ಕೆಲಸ, ಹೆಂಗಸರಿಗೆ ಬೀಡಿ ಕಟ್ಟುವ ಕೆಲಸ. ಹೆರಿಗೆಗೆ ಆಸ್ಪತ್ರೆಗೆ ಹೋಗುವುದೆಂದರೆ ಕೋರ್ಟಿಗೆ ಹೋದ ಹಾಗೆ, ಬೇರೆ ಗತಿಯೇ ಇಲ್ಲದವರು ಮಾತ್ರ. ಉಳಿದವರಿಗೆಲ್ಲ ಬಾಯಮ್ಮ. ಲೈನಿನ ತುದಿಯ ಕೋಣೆಯಲ್ಲಿ ಒಬ್ಬರೇ ಇದ್ದ ಕ್ರಿಶ್ಚನ್ ಮುದುಕಿ. ಸಿಟ್ಟು ಬಂದರೆ ಕೊಂಕಣಿ, ಜಾಸ್ತಿ ಸಿಟ್ಟು ಬಂದರೆ ತುಳು. ಮಾತೇ ಆಡದಿದ್ದರೆ ಅಪಾಯ.

ಹೆರಿಗೆಯ ಮನೆಗೆ ಬಂದವರು ಮೊದಲು ಏನು ಕೇಳಬೇಕು? ನೋವು ಯಾವಾಗ ಶುರುವಾಯಿತು, ನೀರು ಹೋಯಿತಾ, ಹೀಗೆ ಅಲ್ವಾ? ಬಾಯಮ್ಮ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದದ್ದು ಒಂದೇ:

"ಗಂಟು ಬಿಚ್ಚಿದಿರಾ?"

ಹೆರುವವಳ ತುರುಬು ಬಿಚ್ಚುವುದು, ಪೆಟ್ಟಿಗೆಯ ಬಾಯಿ ತೆರೆದಿಡುವುದು ಎಲ್ಲ ಕಡೆಯೂ ಇದ್ದ ಕ್ರಮವೇ. ಆದರೆ ಬಾಯಮ್ಮನಿಗೆ ಅಷ್ಟು ಸಾಲದು. ಇಡೀ ಲೈನಿನ ಗಂಟು ಬಿಚ್ಚಬೇಕು! ಅಕ್ಕಿ ಮುಡಿಯ ಗಂಟು, ಸುತ್ತಿಟ್ಟ ಓಲೆ ಚಾಪೆಯ ಗಂಟು, ಬಟ್ಟೆ ಒಣಗಿಸುವ ಹಗ್ಗದ ಗಂಟು. ಬಿಚ್ಚಿದ್ದನ್ನು ಮಗು ಅತ್ತ ಮೇಲೆಯೇ ಕಟ್ಟಬೇಕು. ಅದಕ್ಕೆ ಮೊದಲು ಯಾರಾದರೂ ಒಂದು ಗಂಟು ಹಾಕಿದರೆ ಮಗು ದಾರಿಯಲ್ಲೇ ನಿಂತುಬಿಡುತ್ತದೆ ಎಂದು ಅವರ ಲೆಕ್ಕ. ಗಂಡಸರ ಚಡ್ಡಿಯ ಲಾಡಿಯನ್ನೂ ಬಿಡಲಿಲ್ಲ. ಎಡಗೈಯಲ್ಲಿ ಚಡ್ಡಿ ಹಿಡಿದುಕೊಂಡು ಬಲಗೈಯಲ್ಲಿ ಚಾ ಗ್ಲಾಸು ಹಿಡಿದ ಗಂಡಸರು ಶೀನಣ್ಣನ ಚಾದಂಗಡಿಯಲ್ಲಿ ಸಾಲಾಗಿ ನಿಂತಿದ್ದರೆ, ನಮ್ಮಲ್ಲಿ ಹೆರಿಗೆ ಉಂಟು ಎಂದು ಕೆಳಗಿನ ರಸ್ತೆಯವರಿಗೂ ಗೊತ್ತಾಗುತ್ತಿತ್ತು!

ಒಮ್ಮೆ ನಮ್ಮ ಲೈನಿನ ಗಿರಿಜಕ್ಕನ ಆಡನ್ನು ಬಿಚ್ಚಿಸಿದರು. ಅದು ನೇರವಾಗಿ ನಡೆದದ್ದು ನನ್ನ ಬಸಳೆ ಚಪ್ಪರಕ್ಕೆ. ಮಗು ಹುಟ್ಟುವಾಗ ಚಪ್ಪರದಲ್ಲಿ ಕೋಲು ಮಾತ್ರ ಉಳಿದಿತ್ತು.

"ಬಾಯಮ್ಮ, ನನ್ನ ಬಸಳೆ!" ಎಂದೆ.

"ಬಸಳೆ ಪುನಃ ಚಿಗುರುತ್ತದೆ. ಇವಳು ಸತ್ತರೆ ಚಿಗುರುತ್ತಾಳಾ?"



ಬೀಡಿಯ ವಿಷಯದಲ್ಲಿ ಮಾತ್ರ ನಾನು ಬಿಡಲಿಲ್ಲ. ಕಟ್ಟಿದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಕೊಡುವ ದಿನವೇ ಪಕ್ಕದ ಮನೆಯವಳಿಗೆ ನೋವು ಬಂದಿತ್ತು. ಬಾಯಮ್ಮ ನನ್ನ ಬೀಡಿಯ ಮೊರದ, ಆ ತಡ್ಪೆಯ, ಎದುರು ಬಂದು ನಿಂತರು. "ಇದನ್ನೂ ಬಿಚ್ಚು" ಎಂದರು.

"ಒಂದೊಂದು ಬೀಡಿಗೂ ನೂಲು ಉಂಟು ಬಾಯಮ್ಮ. ಎಲ್ಲ ಬಿಚ್ಚಿದರೆ ಹೊಗೆಸೊಪ್ಪು ನೆಲಕ್ಕೆ. ಹುಟ್ಟುವ ಮಗುವಿಗೆ ನಾನು ಅದನ್ನೇ ತಿನ್ನಿಸಲಾ?"

ಬಾಯಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಹಾಕಿಕೊಂಡು ಆಲೋಚಿಸಿದರು. ಒಳಗೆ ಪಕ್ಕದ ಮನೆಯವಳು ಕಿರುಚುತ್ತಿದ್ದಾಳೆ, ಇಲ್ಲಿ ಜಡ್ಜಿಗೆ ಪುರುಸೊತ್ತು ಉಂಟು! ಕಡೆಗೆ ತೀರ್ಪು ಬಂತು: "ಬೀಡಿಗೆ ಇರುವುದು ಸುತ್ತು. ಕಟ್ಟಿಗೆ ಇರುವುದು ಗಂಟು. ಬೀಡಿ ಇರಲಿ, ಕಟ್ಟು ಬಿಚ್ಚು."

ಅವರ ಇಗರ್ಜಿಯ ಫಾದರಿಗೂ ಈ ಸುದ್ದಿ ಹೋಯಿತು. ಒಂದು ದಿನ ಅವರೇ ಕೋರೆಯ ಮೆಟ್ಟಿಲು ಹತ್ತಿ ಬಂದು, ಇದೆಲ್ಲ ಮೂಢನಂಬಿಕೆ, ಪ್ರಾರ್ಥನೆ ಮಾಡಿದರೆ ಸಾಕು ಎಂದು ಮೆದುವಾಗಿ ಹೇಳಿದರು. ಅವತ್ತೂ ಒಂದು ಮನೆಯಲ್ಲಿ ಹೆರಿಗೆ. ಬಾಯಮ್ಮ ತಲೆಗೆ ಸೆರಗು ಹೊದ್ದು ಭಕ್ತಿಯಿಂದಲೇ ಎಲ್ಲ ಕೇಳಿದರು. ಮತ್ತೆ ಹೇಳಿದರು: "ಆಯ್ತು ಫಾದರ್. ಮೊದಲು ನಿಮ್ಮ ಸೊಂಟದ ಹಗ್ಗ ಬಿಚ್ಚಿ, ಮತ್ತೆ ಪ್ರಾರ್ಥನೆ ಮಾಡುವ." ಫಾದರ್ ಪುನಃ ಆ ಮೆಟ್ಟಿಲು ಹತ್ತಲಿಲ್ಲ.

ಅವರಿಗೆ ಗೊತ್ತಿದ್ದದ್ದು ಸ್ವಲ್ಪ, ಗೊತ್ತಿಲ್ಲದ್ದು ಬೇಕಾದಷ್ಟು. ಹೆತ್ತವಳಿಗೆ ನೀರು ಕುಡಿಯಲು ಬಿಡುತ್ತಿರಲಿಲ್ಲ, ಅದು ತಪ್ಪು. ನೋವಿನಲ್ಲಿದ್ದವಳಿಗೆ ಬೈಯುತ್ತಿದ್ದರು, ಅದೂ ತಪ್ಪು. ಕತ್ತರಿಯನ್ನು ಕುದಿಸದೆ ಮುಟ್ಟುತ್ತಿರಲಿಲ್ಲ, ಅದು ಸರಿ. ಎಲ್ಲಕ್ಕಿಂತ ದೊಡ್ಡ ಸರಿ ಒಂದಿತ್ತು. ಅದು ನಮಗೆ ಕಾಣಿಸಿದ್ದು ಕುಸುಮಳ ಹೆರಿಗೆಯ ದಿನ.

ಕುಸುಮ ಎಂದರೆ ಗಿರಿಜಕ್ಕನ ಸೊಸೆ. ಚೊಚ್ಚಲು, ಆದರೆ ತವರಿನಲ್ಲಿ ನೋಡಿಕೊಳ್ಳುವವರು ಇರಲಿಲ್ಲ. ಗಂಡ ಕಲ್ಲಿನ ಲಾರಿ ತೆಗೆದುಕೊಂಡು ಕಾರ್ಕಳಕ್ಕೆ ಹೋಗಿದ್ದ. ಬೆಳಗ್ಗೆಯೇ ಗಂಟುಗಳೆಲ್ಲ ಬಿಚ್ಚಿ ಆಗಿತ್ತು. ಗಿರಿಜಕ್ಕ ಬಾಯಮ್ಮನಿಗಿಂತ ಒಂದು ಕೈ ಹೆಚ್ಚು. ಮೊಮ್ಮಗುವಿನ ಆಸೆ ನೋಡಿ! ಮನೆಮನೆಗೆ ಹೋಗಿ ಪೆಟ್ಟಿಗೆಯ ಬಾಯಿ ತೆರೆದದ್ದಾ ಎಂದು ಬಗ್ಗಿ ನೋಡಿ ಬಂದರು. ನನ್ನ ಸೊಂಟದಲ್ಲಿ ಎಲೆಯಡಿಕೆಯ ಸಂಚಿ ಉಂಟಾ ಎಂದು ತಡವಿ ನೋಡಿದರು.

ಮಧ್ಯಾಹ್ನ ಆಯಿತು. ಕೋರೆಯ ಕಲ್ಲು ಕಾದು ಗಾಳಿಯೇ ಕೆಂಪಾಗಿತ್ತು. ಒಳಗಿನಿಂದ ಕುಸುಮ ಕೂಗುವುದು ಕೇಳುತ್ತಿತ್ತು, ಬಾಯಮ್ಮ ಬೈಯುವುದೂ ಕೇಳುತ್ತಿತ್ತು. ಬೈಗುಳ ಕೇಳುವಷ್ಟು ಹೊತ್ತು ನಮಗೆ ಧೈರ್ಯ. ಆಮೇಲೆ ಕುಸುಮಳ ಕೂಗು ಸಣ್ಣದಾಯಿತು. ಸ್ವಲ್ಪ ಹೊತ್ತಿನಲ್ಲಿ ಬಾಯಮ್ಮನ ಬೈಗುಳವೂ ನಿಂತಿತು.

ಹೊರಗೆ ಕೂತಿದ್ದ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬಾಯಮ್ಮ ಹೊರಗೆ ಬಂದರು. ಚೊಂಬಿನ ನೀರು ಸುರಿದು ಕೈ ತೊಳೆದುಕೊಂಡರು. ಉಜ್ಜಿ ಉಜ್ಜಿ ತೊಳೆದರು.

"ನನ್ನ ಕೈಯಲ್ಲಿ ಆಗುವುದಿಲ್ಲ. ಆಸ್ಪತ್ರೆಗೆ. ಈಗಲೇ" ಎಂದರು.

ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ರಸ್ತೆಗೆ ಇಳಿಯಬೇಕು. ಕೋರೆಯ ಗೋಡೆಯಲ್ಲಿ ಕಡಿದ ಮೆಟ್ಟಿಲು, ಒಬ್ಬರು ಹೋಗುವಷ್ಟೇ ಅಗಲ, ಒಂದು ಬದಿಗೆ ಬರೀ ಗುಂಡಿ. ಅದಕ್ಕೆಂದೇ ಶೀನಣ್ಣನ ಅಂಗಡಿಯ ಗೋಡೆಯಲ್ಲಿ ಒಂದು ಕುರ್ಚಿ ಇರುತ್ತಿತ್ತು. ಎರಡು ಬಿದಿರಿನ ನಡುವೆ ಹಗ್ಗದಿಂದ ಬಿಗಿದ ಮರದ ಕುರ್ಚಿ. ಕಲ್ಲು ಬಿದ್ದು ಕಾಲು ಮುರಿದವರನ್ನೂ ಜ್ವರ ತಲೆಗೇರಿದವರನ್ನೂ ಅದರಲ್ಲೇ ಕೂರಿಸಿ, ಎದೆಗೆ ಒಂದು ಹಗ್ಗ ಬಿಗಿದು, ಹಿಂದೊಬ್ಬ ಮುಂದೊಬ್ಬ ಹೊತ್ತು ಇಳಿಸುವುದು.

ಶೀನಣ್ಣ ಓಡಿಹೋಗಿ ತಂದ. ತಂದದ್ದು ಎಂತ? ಹೆಗಲಲ್ಲಿ ಎರಡು ಬಿದಿರು, ಕೈಯಲ್ಲಿ ಕುರ್ಚಿ, ಕುತ್ತಿಗೆಯಲ್ಲಿ ಹಗ್ಗದ ಸುರುಳಿ. ಬೆಳಗ್ಗೆ ಗಿರಿಜಕ್ಕ ಅದನ್ನೂ ಬಿಚ್ಚಿಸಿದ್ದರು!

"ಕಟ್ಟಿ ಬೇಗ" ಎಂದರು ಬಾಯಮ್ಮ.

ಯಾರೂ ಕೈ ಹಾಕಲಿಲ್ಲ. ಕಲ್ಲು ಎತ್ತುವ ಗಂಡಸರು, ಒಂದು ಹಗ್ಗವನ್ನು ಹಾವನ್ನು ನೋಡಿದ ಹಾಗೆ ನೋಡುತ್ತಾ ನಿಂತರು.

"ಮಗು ಇನ್ನೂ ಹುಟ್ಟಲಿಲ್ಲ ಅಲ್ವಾ ಬಾಯಮ್ಮ" ಎಂದ ಶೀನಣ್ಣ. "ನೀವೇ ಹೇಳಿದ್ದು, ಗಂಟು ಹಾಕಬಾರದು ಎಂದು."

"ನಾನೇ ಹೇಳುತ್ತಿದ್ದೇನೆ, ಹಾಕು ಎಂದು."

ಗಿರಿಜಕ್ಕ ಬಂದು ಹಗ್ಗದ ಮೇಲೆ ಕಾಲಿಟ್ಟು ನಿಂತರು. "ಯಾರಾದರೂ ಗಂಟು ಹಾಕಿದರೆ ನೋಡಿ! ನನ್ನ ಮೊಮ್ಮಗು ಒಳಗೇ ನಿಲ್ಲುತ್ತದೆ. ಹಾಗೇ ಹಿಡಿದುಕೊಂಡು ಇಳಿಸಿ."

ಹಾಗೇ ಹಿಡಿದು ನೋಡಿಯೂ ಆಯಿತು. ಕುಸುಮಳನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಕುರ್ಚಿಯ ಕಾಲು ಹಿಡಿದು ಎತ್ತಿದರು. ಮೊದಲ ಮೆಟ್ಟಿಲಲ್ಲೇ ಅವಳು ಗೋಣಿಯ ಹಾಗೆ ಗುಂಡಿಯ ಬದಿಗೆ ಜಾರಿದಳು. ನಾನು ಹಿಂದಿನಿಂದ ಎರಡೂ ಕಂಕುಳಿಗೆ ಕೈ ಕೊಟ್ಟು ಹಿಡಿದೆ. ಅವಳ ತಲೆ ನನ್ನ ಭುಜದ ಮೇಲೆ ಬಿತ್ತು. ಮೈ ತಣ್ಣಗಿತ್ತು. ಆ ಬಿಸಿಲಿನಲ್ಲಿ ತಣ್ಣಗಿತ್ತು!

"ಬಾಯಮ್ಮ, ಇವಳು ಹೋಗುತ್ತಾಳೆ" ಎಂದು ಕೂಗಿದೆ.

ಬಾಯಮ್ಮ ಗಿರಿಜಕ್ಕನ ಎದುರು ಹೋಗಿ ನಿಂತರು. ಗಿರಿಜಕ್ಕನಿಗಿಂತ ಒಂದು ಗೇಣು ಕುಳ್ಳು.

"ಗಿರಿಜಾ, ನನಗೆ ಬೈಯಲು ನಿನಗೆ ನಾಳೆಯಿಂದ ಸಾಯುವವರೆಗೆ ಪುರುಸೊತ್ತು ಉಂಟು. ಈಗ ಕಾಲು ತೆಗಿ."

"ಮಗುವಿಗೆ ಏನಾದರೂ ಆದರೆ?"

"ಗಂಟು ಹಾಕಿದ್ದು ನಾನು ಎಂದು ಹೇಳು. ಊರಿಗೆಲ್ಲ ಹೇಳು."

ಗಿರಿಜಕ್ಕ ಕಾಲು ತೆಗೆಯಲಿಲ್ಲ. ಬಾಯಮ್ಮ ಬಗ್ಗಿ, ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಕರುವಿನ ಕಾಲು ಸರಿಸಿದ ಹಾಗೆ ಬದಿಗಿಟ್ಟರು. ಹಗ್ಗ ಎತ್ತಿಕೊಂಡರು. ಬಿದಿರಿಗೆ ಕುರ್ಚಿಯನ್ನು ಬಿಗಿದರು. ಮೊದಲನೆಯ ಗಂಟು ಹಾಕುವಾಗ ತುಟಿ ಅಲ್ಲಾಡುತ್ತಿತ್ತು. ಪ್ರಾರ್ಥನೆಯಾ, ಬೈಗುಳವಾ, ನನಗೆ ತಿಳಿಯಲಿಲ್ಲ. ಅವರು ಆ ಗಂಟನ್ನು ನಂಬಿದವರು, ನೆನಪಿಡಿ. ನಮ್ಮನ್ನು ಹೆದರಿಸಲಿಕ್ಕೆ ಹೇಳುತ್ತಿದ್ದದ್ದಲ್ಲ. ನಂಬಿದವರೇ ಒಂದೊಂದು ಮೂಲೆಗೂ ಗಂಟು ಹಾಕಿದರು. ಮತ್ತೆ ತಮ್ಮ ಸೆರಗನ್ನೇ ಹರಿದು ಕುಸುಮಳ ಎದೆಗೆ ಸುತ್ತಿ, ಹಿಂದೆ ಬಿಗಿದು, ಎಳೆದು ನೋಡಿದರು.

"ಎತ್ತಿ" ಎಂದರು.

ಈಗ ಎತ್ತಿದರು. ಪಾಪ ಇನ್ನೊಬ್ಬರ ತಲೆಗೆ ಹೋದ ಮೇಲೆ ಗಂಡಸರಿಗೆ ಎಷ್ಟು ಬಲ ಬರುತ್ತದೆ ನೋಡಿ!

ಕೆಳಗೆ ಹಸನಬ್ಬ ಬ್ಯಾರಿಯ ಟ್ಯಾಕ್ಸಿ ಇತ್ತು. ಅವರು ಬಾಗಿಲು ತೆರೆದು, ಸೀಟಿನ ಟರ್ಕಿ ಟವೆಲನ್ನೂ ಹಾಸಿಕೊಟ್ಟು, ಒಂದು ಮಾತೂ ಕೇಳದೆ ಓಡಿಸಿದರು. ಕುಸುಮಳ ತಲೆ ನನ್ನ ತೊಡೆಯ ಮೇಲೆ, ಕಾಲು ಬಾಯಮ್ಮನ ತೊಡೆಯ ಮೇಲೆ. "ಕಣ್ಣು ಮುಚ್ಚಿದರೆ ಹೊಡೆಯುತ್ತೇನೆ" ಎಂದು ಬಾಯಮ್ಮ ದಾರಿಯುದ್ದಕ್ಕೂ ಹೇಳುತ್ತಿದ್ದರು. ಎರಡು ಸಲ ಹೊಡೆದರು ಕೂಡ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೋಡಿದ ಕೂಡಲೇ ಒಳಗೆ ತೆಗೆದುಕೊಂಡು ಹೋದರು. ನಾವು ಬೆಂಚಿನಲ್ಲಿ ಕೂತೆವು. ಬಾಯಮ್ಮ ಎಲೆಯಡಿಕೆ ಹಾಕಲಿಲ್ಲ. ಎಷ್ಟು ಹೊತ್ತು ಕೂತೆವೋ ಏನೋ, ಡಾಕ್ಟರಮ್ಮ ಹೊರಗೆ ಬಂದು ನನ್ನ ಎದುರೇ ಹೇಳಿದ್ದು: ಮಗು ನಿನ್ನೆಯೇ ಹೊಟ್ಟೆಯಲ್ಲಿ ಹೋಗಿದೆ, ಗಂಡು, ತಾಯಿಗೆ ಭಯವಿಲ್ಲ, ಇನ್ನು ಸ್ವಲ್ಪ ತಡವಾಗಿದ್ದರೆ ಅವಳೂ ಇರುತ್ತಿರಲಿಲ್ಲ.

"ನಿನ್ನೆಯಾ?" ಎಂದು ಬಾಯಮ್ಮ ಕೇಳಿದರು.

"ಹೌದು, ನಿನ್ನೆಯೇ" ಎಂದರು ಡಾಕ್ಟರಮ್ಮ.

ಬಾಯಮ್ಮ ತಲೆ ಅಲ್ಲಾಡಿಸಿದರು. ಒಪ್ಪಿದರಾ? ಒಪ್ಪಲಿಲ್ಲ. ಅವರ ಬೆರಳುಗಳು ಮಡಿಲಲ್ಲಿ, ಇಲ್ಲದ ಹಗ್ಗವೊಂದನ್ನು ಬಿಚ್ಚುವ ಹಾಗೆ ಆಡುತ್ತಿದ್ದವು.

ಸಂಜೆ ನಾವು ಲೈನಿಗೆ ಹತ್ತಿ ಬರುವಷ್ಟರಲ್ಲಿ ಸುದ್ದಿ ನಮಗಿಂತ ಮೊದಲು ಹತ್ತಿತ್ತು. ನಿನ್ನೆಯೇ ಹೋಗಿತ್ತಂತೆ ಎಂದು ನಾನು ಗಂಟಲು ಹರಿದುಕೊಂಡೆ. ಕೇಳುವವರು ಯಾರು? "ಡಾಕ್ಟರಿಗೆ ಗಂಟಿನ ವಿಷಯ ಎಂತ ಗೊತ್ತುಂಟು?" ಎಂದರು ಗಿರಿಜಕ್ಕ. ಗಿರಿಜಕ್ಕನನ್ನು ದೂರುವುದಿಲ್ಲ ನಾನು. ಮೊಮ್ಮಗುವಿಗೆಂದು ಹಳೆಯ ಸೀರೆ ಹರಿದು ಒಗೆದು ಒಣಗಿಸಿದ್ದರು. ಅದನ್ನು ಎದೆಗೆ ಒತ್ತಿಕೊಂಡು ಬಾಯಮ್ಮನ ಬಾಗಿಲಿನ ಎದುರು ನಿಂತು, "ಗಂಟು ಹಾಕಿದವಳೇ! ಗಂಟು ಹಾಕಿದವಳೇ!" ಎಂದು ಕೂಗಿದರು. ಬಾಯಮ್ಮ ತಾವೇ ಕೊಟ್ಟ ಅಪ್ಪಣೆ ಅಲ್ವಾ, ಊರಿಗೆಲ್ಲ ಹೇಳು ಎಂದು!

ದಿನ ತುಂಬಿದ್ದ ಸುಮತಿ ಆ ಸಂಜೆಯೇ ಬಟ್ಟೆ ತುಂಬಿಸಿಕೊಂಡು ಅಲೆವೂರಿನ ತವರಿಗೆ ಹೊರಟಳು. ಬಾಯಮ್ಮನ ಕೋಣೆಯ ಎದುರು ಹಾದುಹೋಗುವಾಗ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು, ಕಣ್ಣು ತಾಗಬಾರದೆಂದು. ಅದನ್ನು ಬಾಯಮ್ಮ ಕಿಟಕಿಯಿಂದ ನೋಡಿದರು. ಅವರು ನೋಡಿದ್ದನ್ನು ನಾನು ನೋಡಿದೆ. ಇನ್ನು ಈ ಲೈನಿನಲ್ಲಿ ಬಾಯಮ್ಮನನ್ನು ಯಾರೂ ಕರೆಯುವುದಿಲ್ಲ ಎಂದು ಅವರಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಹೊತ್ತು ಮುಳುಗಿದರೂ ಅವರ ಒಲೆಯ ಹೊಗೆ ಏಳಲಿಲ್ಲ.

ಮಾರನೆಯ ಬೆಳಗ್ಗೆ ಬಾವಿಕಟ್ಟೆಯಲ್ಲಿ ಹೆಂಗಸರೆಲ್ಲ ಇದ್ದರು. ನಾನು ಕೊಡಪಾನ ಅಲ್ಲೇ ಇಟ್ಟು, ಅವರೆಲ್ಲ ನೋಡುವ ಹಾಗೆ ನಡೆದುಕೊಂಡು ಹೋಗಿ ಬಾಯಮ್ಮನ ಬಾಗಿಲು ತಟ್ಟಿದೆ. ತುಂಬ ಹೊತ್ತಿನ ಮೇಲೆ ತೆರೆದರು.

"ಎಂತ?"

"ಮೂರು ತಿಂಗಳು ಆಯಿತು" ಎಂದೆ. ಗಂಡನಿಗೂ ಹೇಳಿರಲಿಲ್ಲ ನಾನು.

"ಯಾರಿಗೆ?"

"ನಿಮಗಾ? ನನಗೆ!"

ಬಾಯಮ್ಮ ನಗಲಿಲ್ಲ. "ಇನ್ನಂಜೆಯಲ್ಲಿ ನಿನ್ನ ತಾಯಿ ಇದ್ದಾಳಲ್ಲ. ಚೊಚ್ಚಲು ತವರಿನಲ್ಲಿ."

"ನಾನು ಹೋಗುವುದಿಲ್ಲ."

"ನಾನು ಗಂಟು ಹಾಕಿದವಳು, ಮಗಾ."

"ಅದಕ್ಕೇ ಬಂದದ್ದು" ಎಂದೆ.

ಅವರು ಬಾಗಿಲು ಹಿಡಿದುಕೊಂಡೇ ನಿಂತರು. ಬಾವಿಕಟ್ಟೆಯ ಹೆಂಗಸರೆಲ್ಲ ನಮ್ಮ ಕಡೆಗೇ ತಿರುಗಿದ್ದರು. ಅವರನ್ನು ದಾಟಿ ನಾನೇ ಒಳಗೆ ಹೋದೆ. ಚಾಪೆ ಬಿಡಿಸಿದೆ, ಮಲಗಿದೆ, ಹೊಟ್ಟೆಯ ಮೇಲಿನ ಸೆರಗು ಸರಿಸಿದೆ.

"ನೋಡಿ" ಎಂದೆ.