ನಾನು ತಲೆಯಾಡಿಸಿದ ಇಪ್ಪತ್ತೊಂದು ದಿನ

ನನ್ನ ಗಂಟಲು ಕೈಕೊಟ್ಟಿತು. ಬೇರೆಯವರ ಗಂಟಲು ಕೈಕೊಟ್ಟರೆ ಬಿಸಿನೀರು ಕುಡಿದು ಮಲಗುತ್ತಾರೆ. ನನ್ನ ಪಾಡು ಹಾಗಲ್ಲ. ನಾನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಸಾರುವವನು. ಇಪ್ಪತ್ತೆರಡು ವರ್ಷಗಳಿಂದ ಊರಿನ ಜನ ನನ್ನ ಕಂಠವನ್ನು ನಂಬಿ ಬಸ್ಸು ಹತ್ತಿದ್ದಾರೆ. (ನಂಬಿ ಬೇರೆ ಊರಿಗೆ ಹೋಗಿಬಂದವರೂ ಇದ್ದಾರೆ. ಆ ವಿಚಾರ ಈಗ ಬೇಡ.)

ಡಾಕ್ಟರು ನನ್ನ ಬಾಯೊಳಗೆ ಟಾರ್ಚು ಬಿಟ್ಟು ನೋಡಿ, "ಇಪ್ಪತ್ತೊಂದು ದಿನ ಒಂದಕ್ಷರ ಮಾತಾಡ್ಬಾರ್ದು. ಪಿಸುಮಾತೂ ಬೇಡ" ಅಂದರು.

"ಇಪ್ಪತ್ತೊಂದೇ ಸಾಕಾ ಡಾಕ್ಟ್ರೇ?" ಎಂದು ನನ್ನ ಹೆಂಡತಿ ಕೇಳಿದಳು. ಅವಳ ಕಾಳಜಿಗೆ ನನ್ನ ಕಣ್ಣು ತುಂಬಿ ಬಂತು. ಅದು ಕಾಳಜಿಯಲ್ಲ ಎಂದು ಹೊಳೆದದ್ದು ಮನೆಗೆ ಬರುವ ದಾರಿಯಲ್ಲಿ.

ಅವಳ ದೂರು ಹಳೆಯದು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವಳ ಒಂದು ವಾಕ್ಯವನ್ನೂ ನಾನು ಪೂರ್ತಿಯಾಗಲು ಬಿಟ್ಟಿಲ್ಲವಂತೆ. "ರೀ, ನಾಳೆ ನಾನು..." ಎಂದು ಅವಳು ಶುರು ಮಾಡಿದರೆ ನಾಳೆಯ ಬಿಸಿಲು, ಮೋಡ, ರಸ್ತೆ ರಿಪೇರಿ ಎಲ್ಲವನ್ನೂ ನಾನೇ ಹೇಳಿ ಮುಗಿಸುತ್ತೇನಂತೆ. ನಾಳೆ ಅವಳು ಏನು ಎನ್ನುವುದು ಮಾತ್ರ ಇಂದಿಗೂ ಬಾಕಿ ಉಳಿದಿದೆಯಂತೆ.

ಎರಡು ದಿನ ಮುಖ ಊದಿಸಿಕೊಂಡು ಕುಳಿತೆ. ಮೂರನೆಯ ದಿನ ಹಲ್ಲುಜ್ಜುವಾಗ ದಿವ್ಯಜ್ಞಾನವಾಯಿತು. ಇದು ಸಂಕಟವಲ್ಲ, ಆತ್ಮವಿಕಾಸಕ್ಕೆ ಸಿಕ್ಕ ರಜೆ. ಬಾಯಿ ಮುಚ್ಚಿದೆ, ಕಿವಿ ತೆರೆದೇ ಇದೆ. ನಾನು ಯಾಕೆ ಶ್ರವಣಯೋಗಿಯಾಗಬಾರದು? ಇದನ್ನು ನೋಟ್‌ಬುಕ್ಕಿನಲ್ಲಿ ದಪ್ಪಕ್ಷರದಲ್ಲಿ ಬರೆದು ಮಗಳ ಕೈಗೆ ಕೊಟ್ಟೆ.

"ಅಮ್ಮಾ, ಅಪ್ಪ ಇನ್ಮೇಲೆ ಬೇರೆಯವ್ರು ಹೇಳಿದ್ದು ಕೇಳಿಸ್ಕೊಳ್ತಾರಂತೆ."

"ಸರಿಯಾಗಿ ಓದೇ," ಎಂದಳು ಅಡುಗೆಮನೆಯಿಂದ ಹೆಂಡತಿ. "ಅವ್ರ ಕೈಬರಹ ಚೆನ್ನಾಗಿಲ್ಲ."

ನಾನು ಕುಗ್ಗಲಿಲ್ಲ. ಕನ್ನಡಿ ಮುಂದೆ ಸಾಧನೆ ಶುರು ಮಾಡಿದೆ. ಕಣ್ಣು ಅರ್ಧ ಮುಚ್ಚಬೇಕು, ಗಲ್ಲಕ್ಕೆ ಎರಡು ಬೆರಳು ಆನಿಸಬೇಕು, ನಿಧಾನವಾಗಿ ಮೂರು ಸಲ ತಲೆಯಾಡಿಸಬೇಕು. ಪರಿಣಾಮ ಅದ್ಭುತ. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ತಮ್ಮ ಮಂಡಿನೋವಿನ ಚರಿತ್ರೆಯನ್ನು ಎರಡು ಗಂಟೆ ಹೇಳಿ, "ನಿಮ್ಮ ಯಜಮಾನ್ರ ಹತ್ರ ಮಾತಾಡಿದ್ರೆ ಮನಸ್ಸು ಹಗುರ ಆಗುತ್ತಮ್ಮ" ಎಂದು ನನ್ನ ಹೆಂಡತಿಗೆ ಹೇಳಿ ಹೋದರು. ಅವಳು ನನ್ನನ್ನು ಅನುಮಾನದಿಂದ ನೋಡಿದಳು. ವಾರ ಕಳೆಯುವಷ್ಟರಲ್ಲಿ ಅವಳೂ ಈರುಳ್ಳಿ ತಟ್ಟೆ ಹಿಡಿದು ನನ್ನೆದುರು ಕೂರತೊಡಗಿದಳು.

ಈಗ ನಿಮ್ಮ ಹತ್ತಿರ ಮಾತ್ರ ಒಂದು ಗುಟ್ಟು. ನಾನು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಇಪ್ಪತ್ತೆರಡನೆಯ ದಿನ ಬಾಯಿ ಬಿಟ್ಟೊಡನೆ ಮನೆಮಂದಿಗೆ ಮಾಡಬೇಕಾದ ಭಾಷಣವನ್ನು ತಲೆಯೊಳಗೆ ಕಟ್ಟುತ್ತಿದ್ದೆ. ಭಾಷಣದ ವಿಷಯ, 'ಪರರ ಮಾತನ್ನು ಆಲಿಸುವ ಕಲೆ'. ಅವಧಿ ಒಂದೂಕಾಲು ಗಂಟೆ.

ಹದಿನೈದನೆಯ ದಿನ ಸಂಜೆ ಹೆಂಡತಿ ಒಂದು ಕಾಗದ ಹಿಡಿದು ಬಂದು ಕುಳಿತಳು. ಅವಳು ಹೊಲಿಗೆ ಶಾಲೆಯಲ್ಲಿ ಟೀಚರು.

"ರೀ, ನಿಮ್ಮನ್ನ ಒಂದು ಮಾತು ಕೇಳ್ಬೇಕು. ನೀವು ಬೇಡ ಅಂದ್ರೆ ಬಿಟ್ಬಿಡ್ತೀನಿ."

ಅದೇ ಗಳಿಗೆಯಲ್ಲಿ ನಾನು ಭಾಷಣದ ಮೂರನೆಯ ಭಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಮಾತಾಡುವವರ ಕಣ್ಣನ್ನು ನೋಡಬೇಕೋ, ಹುಬ್ಬನ್ನೋ? ಅವಳು ತುಂಬ ಹೊತ್ತು ಏನೋ ಹೇಳಿದಳು. ನಾನು ಮೂರು ಸಲ ತಲೆಯಾಡಿಸಿದೆ. "ನಿಜವಾಗ್ಲೂ?" ಎಂದಳು. ಉದಾರವಾಗಿ ನಾಲ್ಕನೆಯ ಸಲವೂ ಆಡಿಸಿದೆ. ಅವಳು ನನ್ನ ಕೈ ಹಿಡಿದು ಅತ್ತೇಬಿಟ್ಟಳು. ನನ್ನ ಯೋಗಶಕ್ತಿಗೆ ನಾನೇ ಬೆರಗಾದೆ.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ಹಾಲಿನಲ್ಲಿ ಕುರ್ಚಿಗಳನ್ನು ಸಾಲಾಗಿ ಜೋಡಿಸಿ ನಿಂತೆ. ಹೆಂಡತಿ ಸೂಟ್‌ಕೇಸ್ ಹಿಡಿದು ಹೊರಬಂದಳು. ಬಾಗಿಲಲ್ಲಿ ಬಾಡಿಗೆ ಕಾರು ನಿಂತಿತು. ಅದರಿಂದ ಎರಡು ಟ್ರಂಕು ಇಳಿದವು. ಆಮೇಲೆ ನನ್ನ ಅತ್ತೆ ಇಳಿದರು.

"ಪರವೂರಲ್ಲಿ ಹೊಲಿಗೆ ಟೀಚರುಗಳ ತರಬೇತಿ ಅಂದ್ರೆ ಮೂರೇ ತಿಂಗಳು, ಕಣ್ಣು ಮುಚ್ಚಿ ತೆರೆಯೋದ್ರೊಳಗೆ ಮುಗಿಯುತ್ತೆ," ಎಂದಳು ಹೆಂಡತಿ. "ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ನೀವೇ ಮಾಡ್ತೀರಿ, ಬಟ್ಟೆನೂ ನೀವೇ ಒಗೀತೀರಿ. ಅಮ್ಮನೂ ಇಲ್ಲೇ ಇರ್ಲಿ ಅಂದೆ. ಎಲ್ಲಕ್ಕೂ ತಲೆಯಾಡಿಸಿ ಒಪ್ಕೊಂಡ್ರಲ್ಲ, ಅದನ್ನ ಮರೆಯಲ್ಲ ಕಣ್ರೀ."

ನಾನು ಬಾಯಿ ತೆರೆದೆ. ಇಪ್ಪತ್ತೊಂದು ದಿನದ ದಾಸ್ತಾನು ನಾಲಿಗೆಯ ತುದಿಗೇ ಬಂದಿತ್ತು.

"ಇದಕ್ಕೆ ಎಂಟು ವರ್ಷದಿಂದ ಅರ್ಜಿ ಹಾಕ್ತಿದ್ದೆ," ಎಂದಳು ಅವಳು. "ನಿಮಗೆ ಹೇಳೋಕೆ ಪ್ರತಿ ಸಲ ಶುರು ಮಾಡ್ತಿದ್ದೆ. ಮುಗಿಸೋಕೆ ಬಿಟ್ಟಿದ್ದು ಇದೇ ಮೊದಲು."

ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡೇ ಇರಲಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಯಿತು. "ಹುಷಾರಾಗಿ ಹೋಗಿ ಬಾ" ಎಂದೆ. ಭಾಷಣದ ಬದಲು ಬಂದದ್ದು ಅಷ್ಟೇ. ಮಗಳು ಅಮ್ಮನನ್ನು ಕಳಿಸಿಬರಲು ಜೊತೆಗೆ ಹೋದಳು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದೆ. ಹೋಗಲಿ, ಒಬ್ಬ ಶ್ರೋತೃವಾದರೂ ಉಳಿದಿದ್ದಾರಲ್ಲ ಎಂದು ಗಂಟಲು ಸರಿಮಾಡಿಕೊಂಡೆ. "ಅತ್ತೇ, ಕೂತ್ಕೊಳ್ಳಿ. ಆಲಿಸುವ ಕಲೆ ಅಂದ್ರೆ..."

"ನೀವು ಕೂತ್ಕೊಳ್ಳಿ ಅಳಿಯಂದ್ರೇ. ನನ್ನ ಮಗಳು ಎಲ್ಲಾ ಹೇಳಿದ್ಲು, ನಿಮ್ಮಷ್ಟು ಚೆನ್ನಾಗಿ ಕೇಳೋರೇ ಇಲ್ವಂತೆ. ನಾನು ಹುಟ್ಟಿದ ದಿನದಿಂದಾನೇ ಶುರು ಮಾಡ್ತೀನಿ."

ನಾನು ಗಲ್ಲಕ್ಕೆ ಎರಡು ಬೆರಳು ಆನಿಸಿದೆ.

"ಕಣ್ಣು ಪೂರ್ತಿ ಬಿಡಿ," ಎಂದರು ಅತ್ತೆ. "ಮಧ್ಯೆ ಮಧ್ಯೆ ಪ್ರಶ್ನೆ ಕೇಳ್ತೀನಿ."

ಮಧ್ಯಾಹ್ನದ ಹೊತ್ತಿಗೆ ಅವರಿಗೆ ನಾಲ್ಕು ವರ್ಷ ತುಂಬಿತು.